ಉಡಿಗೆ ಹಾಕಿದ ಘಾಟದ ರೈಲು

ಪುಣೆಯ ಸೋಮವಾರ ಪೇಠೆಯಲ್ಲಿ, ಹಲವು ಸಂಸಾರಗಳಿರುವ ಹಳೆಯ ವಾಡೆಯ ಅಂಗಳಕ್ಕೆ ಇನ್ನೂ ಪೂರ್ತಿ ಬೆಳಕು ಬಂದಿಲ್ಲ. ನಳದ ಮುಂದೆ ಹಿತ್ತಾಳೆ ಕೊಡಗಳು ಸಾಲಾಗಿ ನಿಂತಿವೆ, ಕೊಡಗಳ ಒಡತಿಯರು ಮಾತ್ರ ಹಾಸಿಗೆ ಬಿಟ್ಟಿಲ್ಲ. ಮೂಡಣಕ್ಕೆ ಮುಖ ಮಾಡಿದ ಕಲ್ಲುಕಟ್ಟೆಯ ಮೇಲೆ ಒಬ್ಬ ಹೆಂಗಸು ಕುಳಿತು ಸೂಜಿಗೆ ದಾರ ಪೋಣಿಸುತ್ತಿದ್ದಾರೆ. ಮೊದಲ ಸಲ ತಪ್ಪುತ್ತದೆ, ಮತ್ತೊಮ್ಮೆಯೂ ತಪ್ಪುತ್ತದೆ. ದಾರದ ತುದಿಯನ್ನು ನಾಲಿಗೆಗೆ ತಾಗಿಸಿ, ಸೂಜಿಯನ್ನು ಆಕಾಶದ ಕಡೆಗೆ ಎತ್ತಿ ಹಿಡಿದು ಅಂತೂ ಪೋಣಿಸುತ್ತಾರೆ. ತೊಡೆಯ ಮೇಲೆ ಯಾರದೋ ಮನೆಯ ಮದುಮಗಳ ಕರಿ ಚಂದ್ರಕಾಳಿ ಸೀರೆ ಹರಡಿದೆ.

"ಕರೀ ಅರಿವಿ ಎಳಿ ಕಾಣಬೇಕಂದ್ರ ಈ ಹೊತ್ತಿನ ಬೆಳಕ ಬೇಕ್ರಿ," ಎನ್ನುತ್ತಾರೆ ರುದ್ರವ್ವ. "ಬಿಸಿಲು ಏರಿತಂದ್ರ ಕಣ್ಣು ಕುಕ್ಕತದ. ಸಂಜಿಗೆ ಎಳಿ ಕಾಣೂದೇ ಇಲ್ಲ. ಕೂಡ್ರಿ ರಾಯರ, ಚಾ ಆಗತದ. ನೀವು ಕೇಳ್ರಿ, ನಾ ಮಾತಾಡಿದ್ರೂ ಎಣಿಕಿ ತಪ್ಪೂದಿಲ್ಲ."

ಕಸೂತಿ ಕಂಡಿರದ ಓದುಗರಿಗೆ ಒಂದು ಮಾತು. ಬಟ್ಟೆಯ ಮೇಲೆ ಚಿತ್ರ ಬರೆದುಕೊಂಡು ಗೆರೆಯ ಮೇಲೆ ಸೂಜಿ ಓಡಿಸುವ ಕೆಲಸ ಇದಲ್ಲ. ನೇಯ್ಗೆಯ ಎಳೆಗಳನ್ನು ಎಣಿಸುತ್ತ ಹೋಗಬೇಕು, ಹೋದ ದಾರಿಯಲ್ಲೇ ತಿರುಗಿ ಬರಬೇಕು, ಎಲ್ಲಿಯೂ ಗಂಟು ಹಾಕುವ ಹಾಗಿಲ್ಲ. ಮುಗಿದ ಮೇಲೆ ಬಟ್ಟೆಯ ಒಳಮೈ ಯಾವುದು ಹೊರಮೈ ಯಾವುದು ಎಂದು ಕೇಳಿದರೆ ಹೊಲಿದವರೇ ತಡವರಿಸಬೇಕು. ಒಂದು ಸೆರಗಿಗೆ ತಿಂಗಳು ಹಿಡಿಯುತ್ತದೆ, ಕೆಲವೊಮ್ಮೆ ಎರಡು. ಪುಣೆಯಲ್ಲಿ ನೆಲೆಸಿದ ಧಾರವಾಡ, ಬೆಳಗಾವಿ ಕಡೆಯ ಮನೆಗಳಲ್ಲಿ ಮದುವೆ ಗೊತ್ತಾದರೆ ಸೀರೆಯ ಗಂಟು ಬಂದು ಬೀಳುವುದು ಈ ಕಟ್ಟೆಗೇ. ಮಂಟಪದಲ್ಲಿ ಎಲ್ಲರೂ ಸೆರಗು ಹಿಡಿದು ನೋಡುತ್ತಾರೆ, ಮದುಮಗಳ ಅತ್ತೆ ನಾಲ್ಕು ಜನರನ್ನು ಕರೆದು ತೋರಿಸುತ್ತಾಳೆ. ಹೊಲಿದವರು ಯಾರು ಎಂದು ಕೇಳುವ ಪದ್ಧತಿ ನಮ್ಮಲ್ಲಿಲ್ಲ.

ನಾನು ರುದ್ರವ್ವನವರನ್ನು ಹುಡುಕಿಕೊಂಡು ಬಂದದ್ದು ಸೀರೆ ನೋಡಿ ಅಲ್ಲ, ಒಂದು ಪುಸ್ತಕದ ಸುದ್ದಿ ಕೇಳಿ. ನಾಲ್ಕೈದು ವರ್ಷದ ಹಿಂದೆ ಈ ಊರಿನಲ್ಲೇ ಅಚ್ಚಾದ ಮರಾಠಿ ಕಸೂತಿ ಪುಸ್ತಕ ಅದು. ಹೆಣ್ಣುಮಕ್ಕಳ ಶಾಲೆಗಳಲ್ಲಿ, ಮನೆಗಳಲ್ಲಿ ಚೆನ್ನಾಗಿ ಓಡಾಡಿದೆ. ಚೌಕುಳಿ ಕಾಗದದ ಮೇಲೆ ನಮೂನೆಗಳು, ಒಂದಕ್ಕಿಂತ ಒಂದು ಚೆಂದ. ಮೊದಲ ಪುಟದಲ್ಲಿ "ರಚಿಸಿದವರು ಸೌಭಾಗ್ಯವತಿ ಭಾಮಾಬಾಯಿ" ಎಂದಿದೆ. ಅದರಲ್ಲಿನ ಹೊಸ ನಮೂನೆಗಳನ್ನೆಲ್ಲ ಮೊದಲು ಹೊಲಿದ ಕೈ ಮಾತ್ರ ಇಲ್ಲಿ, ಈ ಕಟ್ಟೆಯ ಮೇಲೆ, ಇವತ್ತೂ ಸೂಜಿ ಹಿಡಿದು ಕುಳಿತಿದೆ. ಇದು ಹೇಗಾಯಿತು ಎಂಬುದೇ ಈ ಬರಹ.

ರುದ್ರವ್ವನವರ ತವರು ಧಾರವಾಡ. ಎಣಿಕೆ ಕಲಿಸಿದವರು ಅಜ್ಜಿ. ಮದುವೆಯಾಗಿ ಬಂದದ್ದು ಲೋಣಾವಳಕ್ಕೆ, ಗಂಡ ರಾಮಲಿಂಗಪ್ಪನವರು ಅಲ್ಲಿನ ರೈಲು ನಿಲ್ದಾಣದಲ್ಲಿ ಮಾಲಿನ ಗುಮಾಸ್ತರು. ಮಳೆಗಾಲ ಹಿಡಿದರೆ ಕ್ವಾರ್ಟರ್ಸಿನಿಂದ ಹೊರಗೆ ಕಾಲಿಡುವಂತಿಲ್ಲ, ನೆರೆಯವರ ಮರಾಠಿ ತಿಳಿಯುವುದಿಲ್ಲ. ಹೊಸ ಸೊಸೆಗೆ ಉಳಿದ ಕೆಲಸ ಒಂದೇ, ಕಿಟಕಿಯಲ್ಲಿ ಕುಳಿತು ಬೋರಘಾಟ ಹತ್ತಿ ಬರುವ ರೈಲು ನೋಡುವುದು.

"ಮುಂದ ಒಂದು ಇಂಜಿನ್ ಎಳೀತದ, ಹಿಂದ ಒಂದು ದಬ್ಬತದ," ಎಂದು ಸೂಜಿಯಿಂದಲೇ ಗಾಳಿಯಲ್ಲಿ ತೋರಿಸುತ್ತಾರೆ. "ನಡಕ ಡಬ್ಬಿ, ಡಬ್ಬಿಗೆ ಖಿಡಕಿ. ಎಡಕ್ಕೂ ಅದ ಬಲಕ್ಕೂ ಅದ. ಇದು ಕಸೂತಿ ಸಲುವಾಗೇ ಮಾಡಿದ ರೈಲು ಅನಸ್ತು ನನಗ. ಬೋಗದಾ, ಅಂದ್ರ ಸುರಂಗದ ಕಮಾನು ಗವಂತಿ ಹೊಲಿಗಿಯಾಗ ಹಾಕಿದೆ, ಹೊಗಿ ನೇಗಿ ಹೊಲಿಗಿಯಾಗ. ಹೊಗಿಗೆ ಭಾಳ ದಿವಸ ಹೋದುವ್ರಿ. ಹೊಗಿ ಎಣಿಕಿಗೆ ಸಿಗಬೇಕಲ್ಲ."

ಒಳಗಿನಿಂದ ರಾಮಲಿಂಗಪ್ಪನವರು ಚಹ ತಂದು ಇಡುತ್ತಾರೆ. ಈಗ ನಿವೃತ್ತರು, ಮಾತಿಗೆ ಹಿಂಜರಿಯುವವರಲ್ಲ. "ನಾ ಜೀವಮಾನ ಎಲ್ಲಾ ರೈಲಿನ ಚಾಕರಿ ಮಾಡಿದೆ. ನನಗ ರೈಲು ಅಂದ್ರ ಮೂಟಿ, ಚೀಲ, ಸಾಹೇಬನ ಬೈಗಳ. ಇಕಿಗೆ ಅದರಾಗ ಚಿತ್ರ ಕಂಡಿತು ನೋಡ್ರಿ," ಎನ್ನುತ್ತಾರೆ. ಹೇಳುವಾಗ ಹೆಂಡತಿಯ ಕಡೆಗೆ ನೋಡುವುದಿಲ್ಲ, ಆದರೆ ಬಟ್ಟಲನ್ನು ಅವರ ಬಲಗೈಗೆ ಸಿಗುವ ಹಾಗೆ ಸರಿಸುತ್ತಾರೆ.

ಪುಣೆಗೆ ವರ್ಗವಾಗಿ ಬಂದ ಮೇಲೆ ನಮೂನೆಗಳು ಬೆಳೆದವು. ಪರ್ವತಿ ಗುಡ್ಡದ ಮೆಟ್ಟಿಲು, ಮುಠಾ ಹೊಳೆಯ ಸೇತುವೆಯ ಕಮಾನು, ಟಾಂಗಾದ ಗಾಲಿ, ಎಲ್ಲವೂ ಎಳೆಯ ಎಣಿಕೆಗೆ ಇಳಿದವು. ಆದರೆ ಮದುವೆಯ ಸೀರೆಗೆ ಇವು ಹತ್ತಲಿಲ್ಲ. ಹಿರಿಯರಿಗೆ ಬೇಕಾದದ್ದು ಗೋಪುರ, ಆನೆ, ಕಮಲ, ತುಳಸಿಕಟ್ಟೆ. ಸೆರಗಿನ ಮೇಲೆ ಇಂಜಿನ್ನು ಹೊತ್ತು ಹಸೆಗೆ ಏರುವ ಮದುಮಗಳು ಯಾವ ಮನೆಯವರಿಗೂ ಬೇಡವಾಗಿದ್ದಳು. ಹಾಗಾಗಿ ರುದ್ರವ್ವ ತಮ್ಮ ಹೊಸ ನಮೂನೆಗಳನ್ನು ಒಂದೇ ಒಂದು ಅರಿವೆಯ ಮೇಲೆ ಹೊಲಿದಿಟ್ಟುಕೊಂಡರು. ಕಸೂತಿಯವರು ಕಾಗದದ ಮೇಲೆ ಬರೆದಿಡುವುದಿಲ್ಲ, ಇಂಥದೊಂದು ನಮೂನೆ ಅರಿವೆಯೇ ಅವರ ಗಳಿಕೆ. ಕುಪ್ಪಸದ ಖಣದಷ್ಟು ಅಗಲದ ಆ ಕೆಂಪು ಅರಿವೆಯಲ್ಲಿ ಹತ್ತಾರು ವರ್ಷಗಳ ಬೆಳಗುಗಳು ಸೇರಿದ್ದವು.

ಇನ್ನು ಭಾಮಾಬಾಯಿ. ಇದೇ ವಾಡೆಯ ಎದುರು ಮನೆಯವರು, ಸಣ್ಣ ಛಾಪಖಾನೆಯ ಮಾಲಕ ಏಕನಾಥರಾಯರ ಹೆಂಡತಿ. ರುದ್ರವ್ವನಿಗೆ ಮರಾಠಿ ಕಲಿಸಿದವರು ಅವರು, ಅವರಿಗೆ ಕಸೂತಿ ಕಲಿಸಿದವರು ರುದ್ರವ್ವ. ಮಧ್ಯಾಹ್ನದ ಊಟ ಮುಗಿದರೆ ಇಬ್ಬರೂ ಈ ಕಟ್ಟೆಗೆ ಬರುವರು. "ಅಕಿ ಎಣಿಕಿ ಯಾವಾಗ್ಲೂ ತಪ್ಪತಿತ್ತು," ಎಂದು ರುದ್ರವ್ವ ನಗುತ್ತಾರೆ. "ಬಿಚ್ಚು ಅಂದ್ರ ಬಿಚ್ಚೂದಿಲ್ಲ. 'ಇರಲಿ ಬಿಡ ರುದ್ರಾಬಾಯಿ, ಆನಿಗೆ ಐದು ಕಾಲು ಇದ್ರ ಏನಾತು' ಅಂತಿದ್ಲು."

ಛಾಪಖಾನೆ ಕುದುರಿತು, ಏಕನಾಥರಾಯರು ಡೆಕ್ಕನ್ ಜಿಮಖಾನಾದ ಕಡೆಗೆ ಸ್ವಂತ ಮನೆ ಮಾಡಿದರು. ವಾಡೆ ಬಿಡುವ ದಿನ ಭಾಮಾಬಾಯಿ ಹೇಳಿ ಹೋಗಲು ಬಂದರು. ಮುತ್ತೈದೆ ಮನೆ ಬಿಟ್ಟು ಹೊರಟಾಗ ಮಡಿಲು ತುಂಬದೆ ಬರಿಯ ಉಡಿಯಲ್ಲಿ ಕಳಿಸುವುದುಂಟೆ? ಅಕ್ಕಿ ಇತ್ತು, ತೆಂಗಿನಕಾಯಿ ಇತ್ತು, ಎಲೆ ಅಡಿಕೆ, ಅರಿಸಿನದ ಕೊಂಬು ಇತ್ತು. ಪೆಟ್ಟಿಗೆ ತೆರೆದು ನೋಡಿದರೆ ಹೊಸ ಖಣ ಮಾತ್ರ ಇರಲಿಲ್ಲ. ಟಾಂಗಾ ಬಾಗಿಲಲ್ಲಿ ನಿಂತಿದೆ, ಟಾಂಗಾದವನು ಕೂಗುತ್ತಿದ್ದಾನೆ. ರುದ್ರವ್ವ ಆ ನಮೂನೆ ಅರಿವೆಯನ್ನೇ ಮಡಚಿ, ಮೇಲೆ ಕಾಯಿ ಇಟ್ಟು, ಗೆಳತಿಯ ಉಡಿಗೆ ಹಾಕಿಬಿಟ್ಟರು.

ಈ ಕಡೆಯ ಹೆಣ್ಣುಮಕ್ಕಳಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ. ಉಡಿಗೆ ಹಾಕಿದ್ದನ್ನು ತಿರುಗಿ ಕೇಳುವುದಿಲ್ಲ, ತಿರುಗಿ ಕೊಟ್ಟರೂ ಮುಟ್ಟುವುದಿಲ್ಲ. ಕೊಟ್ಟವರಿಗೂ ಕೇಡು, ಪಡೆದವರಿಗೂ ಕೇಡು ಎಂಬ ನಂಬಿಕೆ.

"ಆವಾಗ ನನಗೇನೂ ಅನಸಲಿಲ್ರಿ," ಎನ್ನುತ್ತಾರೆ. "ಅರಿವಿ ಹೋದ್ರ ಹೋತು, ನಮೂನಿ ನನ್ನ ಕೈಯಾಗ ಅವಲ್ಲ ಅಂತ ತಿಳಕೊಂಡೆ."

ಹೊಸ ಮನೆಯಲ್ಲಿ ಏಕನಾಥರಾಯರು ಆ ಅರಿವೆ ಕಂಡರು. ಹೆಂಡತಿಗೆ ತಿಳಿಸದೆ ಚಿತ್ರಗಾರನೊಬ್ಬನನ್ನು ಕೂರಿಸಿ ಚೌಕುಳಿ ಕಾಗದಕ್ಕೆ ಇಳಿಸಿದರು, ಅಚ್ಚು ಹಾಕಿಸಿದರು, ಹೆಂಡತಿಯ ಹೆಸರಿಟ್ಟು ಅವರ ಕೈಗೇ ತಂದಿತ್ತರು. ಪ್ರೀತಿಯ ಕೆಲಸವೇ, ಅದರಲ್ಲಿ ಅನುಮಾನವಿಲ್ಲ. ಭಾಮಾಬಾಯಿ ಮೊದಲ ಪ್ರತಿ ಹಿಡಿದುಕೊಂಡು ಓಡಿ ಬಂದದ್ದು ಇಲ್ಲಿಗೇ. ರುದ್ರವ್ವನಿಗೆ ಓದಲು ಬರುವುದು ಕನ್ನಡ ಮಾತ್ರ. ಪುಟ ತಿರುವಿದರು, ಘಾಟದ ರೈಲು ಕಂಡಿತು, ಪರ್ವತಿಯ ಮೆಟ್ಟಿಲು ಕಂಡಿತು. ಹಿಗ್ಗಿ ಗೆಳತಿಯ ಬಾಯಿಗೆ ಸಕ್ಕರೆ ಹಾಕಿದರು. ಮೊದಲ ಪುಟದಲ್ಲಿ ಏನಿದೆ ಎಂದು ಓದಿ ಹೇಳಿದವರು ಸಂಜೆ ಮನೆಗೆ ಬಂದ ರಾಮಲಿಂಗಪ್ಪನವರು. ಆಗಲೂ ರುದ್ರವ್ವ ದೊಡ್ಡದು ಮಾಡಲಿಲ್ಲ. ಅಕಿಗೆ ಕೊಟ್ಟ ಅರಿವಿ, ಅಕಿ ಪುಸ್ತಕ ಅಂದು ಸುಮ್ಮನಾದರು.

ಸುಮ್ಮನಿರಲಾಗದ ದಿನ ಮರುವರ್ಷ ಬಂತು. ಊರಿನಲ್ಲಿ ಹೆಣ್ಣುಮಕ್ಕಳ ಕೈಕೆಲಸದ ಪ್ರದರ್ಶನ. ಹೊಲಿಗೆ ವಿಭಾಗದಲ್ಲಿ ಸ್ವಂತ ಕಲ್ಪನೆಯ ಕೆಲಸಕ್ಕೆ ಬೇರೆಯೇ ಬಹುಮಾನ. ಯಾವ ಸೆರಗಿನ ಮೇಲೂ ಓಡದ ರೈಲು ಇಲ್ಲಾದರೂ ಓಡಲಿ ಎಂದು ರುದ್ರವ್ವ ಆರು ತಿಂಗಳು ಕುಳಿತು ಒಂದು ಮೇಜುಹೊದಿಕೆಯ ಸುತ್ತ ಘಾಟ ಹೊಲಿದರು. ಪರೀಕ್ಷಿಸಲು ಬಂದ ಓದಿದ ಹೆಂಗಸು ಮೃದುವಾಗಿ ಮಾತಾಡುವವರಂತೆ. ಹೊದಿಕೆಯ ಪಕ್ಕದಲ್ಲಿ ಆ ಪುಸ್ತಕದ ಪುಟ ತೆರೆದಿಟ್ಟು, ನಕಲು ಬಹಳ ಚೆನ್ನಾಗಿದೆ, ಆದರೆ ಕಲ್ಪನೆ ಭಾಮಾಬಾಯಿಯವರದು, ಇದನ್ನು ಈ ವಿಭಾಗದಲ್ಲಿ ಇಡಲು ಬರುವುದಿಲ್ಲ ಎಂದು ತಿಳಿಹೇಳಿದರು.

ರುದ್ರವ್ವ ಇದನ್ನು ಹೇಳುವಾಗ ಮೊದಲ ಬಾರಿಗೆ ಸೂಜಿ ನಿಲ್ಲುತ್ತದೆ. "ಬೈದಿದ್ರ ಚೊಲೋ ಇತ್ರಿ. 'ನಕಲು ಛಂದ ಆಗೇದ' ಅಂದ್ರು. ನನ್ನ ಖಿಡಕ್ಯಾಗ ಕಂಡ ರೈಲು ಅದು. ನಾ ಯಾರ ನಕಲು ಮಾಡ್ಲಿ?"

ತನ್ನ ಮನೆಯ ಬಾಗಿಲಲ್ಲಿ ತಾನೇ ಕಳ್ಳಿಯಾಗಿ ನಿಲ್ಲುವುದು ಎಂದರೆ ಇದೇ. ನನಗಂತೂ ಕೇಳುತ್ತ ಮೈ ಉರಿಯಿತು. ರಾಮಲಿಂಗಪ್ಪನವರಿಗೆ ಅಂದು ಉರಿದದ್ದು ಸಹಜ. ಹೆಂಡತಿಯನ್ನು ಕರೆದುಕೊಂಡು ನೆಟ್ಟಗೆ ವಕೀಲರ ಮನೆಗೆ ಹೋದರು. ವಕೀಲ ಬಾಳಕೃಷ್ಣರಾಯರು ಧಾರವಾಡದವರು, ಪುಣೆಯ ಕೋರ್ಟಿನಲ್ಲಿ ಬಹುಕಾಲದಿಂದ ಇದ್ದಾರೆ. ಈ ಬರಹಕ್ಕಾಗಿ ನಾನೂ ಅವರನ್ನು ಕಂಡೆ. ಅಂದು ಹೇಳಿದ್ದನ್ನೇ ನನಗೂ ಹೇಳಿದರು.

"ಸಾವಿರದ ಒಂಬೈನೂರಾ ಹದಿನಾಲ್ಕನೇ ಇಸವಿಯಿಂದ ಈ ದೇಶದಾಗ ಕೃತಿಸ್ವಾಮ್ಯದ ಕಾಯ್ದೆ ಅದ. ನಮ್ಮ ಜನಕ್ಕ ಅದು ಕಾದಂಬರಿ ಬರಿಯವರ ಕಾಯ್ದೆ ಅನಸ್ತದ. ಹಂಗಲ್ಲ. ಹಾಡು, ಚಿತ್ರ, ನಕಾಶೆ, ಕೈಯಿಂದ ಮಾಡಿದ ಕಲೆಯ ಕೆಲಸ, ಎಲ್ಲಾ ಅದರಾಗ ಬರತಾವ. ನೋಂದಣಿ ಮಾಡಸಬೇಕಂತ ಇಲ್ಲ. ನೀವು ಸ್ವಂತ ಬುದ್ಧಿಯಿಂದ ಮಾಡಿದ ಗಳಿಗಿಗೇ ಹಕ್ಕು ನಿಮ್ಮದು. ಗೋಪುರ, ಕಮಲ ಹಳೀವು, ಅವು ಯಾರವೂ ಅಲ್ಲ. ರೈಲು ನೋಡೂದು ಯಾರಿಗೂ ಮುಕ್ತ, ಬೇಕಾದವರು ತಮ್ಮ ರೈಲು ತಾವು ಹೊಲೀಲಿ. ಆದರ ಆ ಡಬ್ಬಿ, ಆ ಬೋಗದಾ, ಆ ಹೊಗಿ ಹಂಗ ಕೂಡಿಸಿದ್ದು ರುದ್ರವ್ವನ್ನ ಬಿಟ್ಟು ಮತ್ತೊಬ್ಬರಲ್ಲ."

ಅರಿವೆ ಕೊಟ್ಟುಬಿಟ್ಟಿದ್ದಾರಲ್ಲ ಎಂದೆ.

"ಅರಿವಿ ಬ್ಯಾರೆ, ಹಕ್ಕು ಬ್ಯಾರೆ. ನೀವು ನನಗ ಒಂದು ಪುಸ್ತಕ ಕೊಟ್ರಿ ಅನ್ನಿ. ನಾ ಓದಬಹುದು, ಮಾರಬಹುದು, ಮಗಳಿಗೆ ಕೊಡಬಹುದು. ಅಂಥಾವು ಸಾವಿರ ಅಚ್ಚು ಹಾಕಿ ಮಾರಲಿಕ್ಕೆ ಬರೂದಿಲ್ಲ. ಹಕ್ಕು ಕೊಡಬೇಕಾದ್ರ ಬರದು ಸಹಿ ಮಾಡಿ ಕೊಡಬೇಕು, ಬಾಯಿಮಾತು ನಡಿಯೂದಿಲ್ಲ. ಇದು ಅಂಗಡಿಕಾರರಿಗೂ ಗೊತ್ತಿರೂದಿಲ್ಲ. ಚಿತ್ರಗಾರನ ಕಡೆ ನಶ್ಯದ ಡಬ್ಬಿಗೆ ಚಿತ್ರ ಬರಸತಾರ, ಸಹಿ ಮಾಡಿದ ಒಂದು ಚೀಟಿ ಇಸಕೊಳ್ಳೂದಿಲ್ಲ. ಆಮ್ಯಾಲೆ ಅಂವಾ ಅದನ್ನ ಮತ್ತೊಬ್ಬಗ ಕೊಟ್ರ ಕೋರ್ಟಿಗೆ ಓಡಿ ಬರತಾರ."

ಹಾಗಾದರೆ ಹಕ್ಕು ರುದ್ರವ್ವನದೇ. ಆದರೆ ಪುಸ್ತಕದ ಮೇಲೆ ಹೆಸರು ಭಾಮಾಬಾಯಿಯದು. ಅಚ್ಚಿನಲ್ಲಿ ಯಾರ ಹೆಸರಿದೆಯೋ ಅವರೇ ರಚಿಸಿದವರು ಎಂದು ಕೋರ್ಟು ಮೊದಲು ಹಿಡಿಯುತ್ತದೆ, ಅಲ್ಲ ಎನ್ನುವವರು ತೋರಿಸಿಕೊಡಬೇಕು. ತೋರಿಸಲು ಇದ್ದದ್ದು ಒಂದೇ, ಆ ನಮೂನೆ ಅರಿವೆ. ಅದನ್ನು ಹೇಗಾದರೂ ಇಸಕೊಂಡು ಜೋಪಾನ ಮಾಡಿರಿ, ದಾವೆ ಹೂಡುವುದಾದರೆ ಮೂರು ವರ್ಷದೊಳಗೆ ಹೂಡಬೇಕು ಎಂದು ವಕೀಲರು ಎಚ್ಚರಿಸಿದರು. ಇನ್ನೂ ಒಂದು ಮಾತು ಹೇಳಿದರು. ಹೆಸರು ಹಾಕಿರಿ ಎಂದು ಈ ಕಾಯ್ದೆ ಯಾರನ್ನೂ ಒತ್ತಾಯಿಸುವುದಿಲ್ಲ, ಅಚ್ಚು ಹಾಕಬೇಡಿ ಎಂದು ತಡೆಯುತ್ತದೆ. ತಡೆಯುವ ಹಕ್ಕು ಕೈಯಲ್ಲಿದ್ದಾಗ ಹೆಸರು ಹಾಕಿಸಿಕೊಳ್ಳುವುದು ಕಷ್ಟವಲ್ಲ.

ಉಡಿಗೆ ಹಾಕಿದ್ದನ್ನು ಕೇಳುವುದು ಹೇಗೆ ಎಂದು ರುದ್ರವ್ವ ಕೇಳಿದಾಗ ಬಾಳಕೃಷ್ಣರಾಯರು ಕನ್ನಡಕ ತೆಗೆದು ಒರೆಸಿಕೊಂಡರಂತೆ. ಕಾಯ್ದೆಯ ಯಾವ ಕಲಮಿನಲ್ಲೂ ಉಡಿಯ ಮಾತಿಲ್ಲ.

ಕೇಳುವ ಪ್ರಸಂಗವೇ ಬರಲಿಲ್ಲ. ಪ್ರದರ್ಶನದ ಸುದ್ದಿ ಕಿವಿಗೆ ಬಿದ್ದು ಭಾಮಾಬಾಯಿ ತಾವಾಗಿಯೇ ಬಂದರು. ಮಧ್ಯಾಹ್ನದ ಹೊತ್ತು. ಇದೇ ಕಟ್ಟೆ. ಸೆರಗಿನಡಿಯಿಂದ ಅರಿವೆ ತೆಗೆದು ರುದ್ರವ್ವನ ತೊಡೆಯ ಮೇಲಿಟ್ಟರು.

"'ಇದು ನಿಂದು, ತಗೋ' ಅಂದ್ಲು. ನಾ ಕೈ ಹಿಂದಕ್ಕ ತಗೊಂಡೆ. ಉಡಿಗೆ ಹಾಕಿದ್ದು, ನನಗ ಬ್ಯಾಡ ಅಂದೆ. 'ಹಂಗಾದ್ರ ನಾ ಏನು ಮಾಡ್ಲಿ ಹೇಳು, ನೀ ಹೇಳಿದ್ದು ಮಾಡತೀನಿ' ಅಂದ್ಲು. ಎರಡು ಸಲ ಕೇಳಿದ್ಲು. ಏನೂ ಬ್ಯಾಡವಾ, ಚಾ ಕುಡಿ ಅಂದೆ."

ರುದ್ರವ್ವ ಸೂಜಿಯನ್ನು ಸೀರೆಗೆ ಚುಚ್ಚಿ ಕೈ ಬಿಡುತ್ತಾರೆ. ನಳಕ್ಕೆ ನೀರು ಬಂದಿದೆ, ಅಂಗಳದಲ್ಲಿ ಕೊಡಗಳ ಗದ್ದಲ, ಮರಾಠಿಯಲ್ಲಿ ಸಣ್ಣ ಜಗಳವೂ ಆರಂಭವಾಗಿದೆ. ಅವರು ಆ ಕಡೆ ತಿರುಗಿ ನೋಡುವುದಿಲ್ಲ.

"ಒಂದ ಮಾತ್ರಿ ರಾಯರ. ನನ್ನ ಹೆಸರೂ ಹಾಕಸು ಅಂದಿದ್ರ ಸಾಕಿತ್ತು. ಅಕಿ ಹಾಕಸತಿದ್ಲು. ಗಂಡನ ಕೂಡ ಜಗಳಾಡಿ ಹಾಕಸತಿದ್ಲು, ಅಂಥಾಕಿ ಅಕಿ. ವಕೀಲರು ಹೇಳಿದ್ರಲ್ಲ, ಅರಿವಿ ಬ್ಯಾರೆ ಹಕ್ಕು ಬ್ಯಾರೆ ಅಂತ. ಆವತ್ತ ಅದು ನನ್ನ ತಲ್ಯಾಗ ಇಳೀಲಿಲ್ಲ. ಅರಿವಿ ನಾ ಉಡಿಗೆ ಹಾಕಿದ್ದೆ, ಹೆಸರು ಹಾಕಿರಲಿಲ್ಲ. ಹೆಸರು ಕೇಳಿದ್ರ ಯಾವ ಕೇಡೂ ಆಗತಿರಲಿಲ್ಲ."

ರಾಮಲಿಂಗಪ್ಪನವರ ಹಾಸ್ಯವೂ ಇಲ್ಲಿಗೆ ಬಂದು ನಿಲ್ಲುತ್ತದೆ. "ನಾ ಒಳಗ ಕೂತು ಎಲ್ಲಾ ಕೇಳಾಕತ್ತಿದ್ದೆ. ಹೊರಗ ಬಂದು ನಾನರ ಅನಬೇಕಿತ್ತು. ಹೆಣ್ಣುಮಕ್ಕಳ ಮಾತಿನಾಗ ನಂದೇನು ಅಂತ ಕೂತೆ," ಎನ್ನುತ್ತಾರೆ.

ಭಾಮಾಬಾಯಿ ಅರಿವೆಯನ್ನು ಸೆರಗಿನಡಿ ಇಟ್ಟುಕೊಂಡು ಹಿಂದಿರುಗಿದರು. ಮುಂದಿನ ಮಳೆಗಾಲದಲ್ಲಿ ವಿಷಮಜ್ವರ ಹಿಡಿದು, ಮೂರನೆಯ ವಾರದಲ್ಲಿ ತೀರಿಕೊಂಡರು. ಗಂಡನಿಗಿಂತ ಮೊದಲು ಹೋದ ಹೆಂಗಸಿಗೆ ಹಸಿರು ಸೀರೆ ಉಡಿಸಿ, ಕುಂಕುಮ ಹಚ್ಚಿ, ಉಡಿ ತುಂಬಿ ಕಳಿಸುವುದು ಇಲ್ಲಿಯ ಮರಾಠಿ ಮನೆಗಳ ರೂಢಿ. ಉಡಿ ತುಂಬಲು ಮನೆಯವರು ಕರೆದ ಮುತ್ತೈದೆಯರಲ್ಲಿ ರುದ್ರವ್ವ ಒಬ್ಬರು. ಭಾಮಾಬಾಯಿಯ ಅತ್ತೆ ಎಲ್ಲರ ಕೈಗೂ ಒಂದೊಂದು ಹೊಸ ಖಣ ಕೊಟ್ಟರು. ರುದ್ರವ್ವ ಖಣ ತೆಗೆದುಕೊಳ್ಳದೆ, ಆ ನಮೂನೆ ಅರಿವೆ ಎಲ್ಲಿದೆ ಎಂದು ಕೇಳಿದರು. ಭಾಮಾಬಾಯಿ ಜ್ವರದಲ್ಲೂ ಅದನ್ನು ತಲೆದಿಂಬಿನಡಿ ಇಟ್ಟುಕೊಂಡಿದ್ದರಂತೆ. ತಂದು ಕೊಟ್ಟರು.

ಅದು ತಮಗಿದ್ದ ಒಂದೇ ಸಾಕ್ಷಿ ಎಂದು ರುದ್ರವ್ವನಿಗೆ ಆಗ ಚೆನ್ನಾಗಿ ಗೊತ್ತಿತ್ತು. ವಕೀಲರು ಹೇಳಿದ ಮೂರು ವರ್ಷವೂ ಇನ್ನೂ ಮುಗಿದಿರಲಿಲ್ಲ. ಆದರೂ ಅದನ್ನು ಮಡಚಿ, ಮೇಲೆ ಕಾಯಿ ಇಟ್ಟು, ಎರಡನೆಯ ಸಲ ಅದೇ ಉಡಿಗೆ ಹಾಕಿದರು. ಘಾಟದ ರೈಲು, ಪರ್ವತಿಯ ಮೆಟ್ಟಿಲು, ಟಾಂಗಾದ ಗಾಲಿ, ಎಲ್ಲವೂ ಹೊಳೆಯ ದಂಡೆಯಲ್ಲಿ ಭಾಮಾಬಾಯಿಯೊಂದಿಗೆ ಉರಿದುಹೋದವು.

"ಅದಕ್ಕ ನಾ ಮರುಗೂದಿಲ್ಲ," ಎನ್ನುತ್ತಾರೆ, ಕೇಳುವ ಮೊದಲೇ. "ಅಕೀದು ಅಕಿ ಜೋಡಿ ಹೋತು. ಬ್ಯಾರೆ ಖಣ ಹಾಕಲಾಕ ನನ್ನ ಕೈ ಬರಲಿಲ್ಲ. ಈಗ ಘಾಟದಾಗ ಕರೆಂಟಿನ ಇಂಜಿನ್ ಬಂದಾವಂತ, ಹೊಗೀನ ಇಲ್ಲಂತ. ನಾ ಮೊದಲ ಹೊಲದ ಹೊಗಿ ಇದ್ದದ್ದು ಆ ಅರಿವ್ಯಾಗ ಮಾತ್ರ. ಅದೂ ಹೋತು."

ಇಷ್ಟಕ್ಕೇ ಮುಗಿದಿದ್ದರೆ ನಾನೂ ಇದನ್ನು ಬರೆಯುತ್ತಿರಲಿಲ್ಲವೇನೋ. ಪುಸ್ತಕ ಈಗ ಎರಡನೆಯ ಸಲ ಅಚ್ಚಾಗುತ್ತಿದೆ. ಮೊದಲ ಅಚ್ಚಿಗೆ ದಾವೆ ಹೂಡುವ ಅವಧಿ ಕಳೆದುಹೋಗಿದೆ, ಆದರೆ ಹೊಸ ಅಚ್ಚು ಎಂದರೆ ಹೊಸ ಲೆಕ್ಕ. ಸಾಕ್ಷಿ ಸುಟ್ಟುಹೋಗಿದ್ದರೂ ನೋಟೀಸು ಕೊಟ್ಟರೆ ಏಕನಾಥರಾಯರು ಹೆದರಿಯಾರು ಎನ್ನುತ್ತಾರೆ ಬಾಳಕೃಷ್ಣರಾಯರು. ರುದ್ರವ್ವ ನೋಟೀಸಿಗೆ ಒಪ್ಪಲಿಲ್ಲ. ಈ ಸಲ ಮಾತ್ರ ಬಾಯಿ ಬಿಟ್ಟು ಕೇಳಿದರು. ಗಂಡನನ್ನು ಕರೆದುಕೊಂಡು ಛಾಪಖಾನೆಗೆ ಹೋಗಿ, ಜೀವಮಾನದಲ್ಲಿ ಮೊದಲ ಸಲ, ನನ್ನ ಹೆಸರನ್ನೂ ಹಾಕಿರಿ ಎಂದರು. ಆಗುವುದಿಲ್ಲ ಎಂಬ ಉತ್ತರ ಬಂತು.

ಯಾಕೆ ಆಗುವುದಿಲ್ಲ ಎಂದು ಕೇಳಲು ನಾನೂ ಹೋದೆ. ಜಗಳ ಮಾಡುವ ಸಿದ್ಧತೆಯಲ್ಲೇ ಹೋದೆ ಎಂದರೂ ಸರಿ. ಏಕನಾಥರಾಯರು ಕುರ್ಚಿ ಕೊಟ್ಟು ಕೂರಿಸಿದರು. ಬರೆದುಕೊಳ್ಳಲು ಅಡ್ಡಿಯಿಲ್ಲ ಎಂದೂ ಹೇಳಿದರು. ಅವರ ಮರಾಠಿ ಮಾತನ್ನು ಇಲ್ಲಿ ಕನ್ನಡದಲ್ಲಿ ಕೊಡುತ್ತಿದ್ದೇನೆ: "ಆ ಬಾಯಿ ಹೇಳುವುದು ನಿಜ. ಉಡಿಯಲ್ಲಿ ಅವರು ಏನು ಹಾಕಿದರೆಂದು ನಾನು ಅಲ್ಲೇ ನಿಂತು ನೋಡಿದ್ದೇನೆ. ಆದರೆ ನಮಗೆ ಮಕ್ಕಳಿಲ್ಲ. ಅವಳ ಹೆಸರಿನಲ್ಲಿ ಈ ಭೂಮಿಯ ಮೇಲೆ ಇರುವುದು ಇದೊಂದೇ. ಈ ಸಲ ಅವಳ ನೆನಪಿಗೆಂದೇ ತರುತ್ತಿದ್ದೇನೆ, ಫೋಟೋ ಹಾಕಿಸಿದ್ದೇನೆ. ಅದರಲ್ಲಿ ಪಾಲು ಮಾಡಲು ನನ್ನಿಂದ ಆಗುತ್ತಿಲ್ಲ." ಮೇಜಿನ ಮೇಲೆ ಒಣಗಲು ಹಾಕಿದ ಮೊದಲ ಪುಟವಿತ್ತು. ಭಾಮಾಬಾಯಿ ಒಬ್ಬರೇ ಕುರ್ಚಿಯಲ್ಲಿ ಕುಳಿತು, ತೊಡೆಯ ಮೇಲೆ ಕಸೂತಿಯ ಬಟ್ಟೆ ಹರಡಿಕೊಂಡು, ಕ್ಯಾಮರಾ ನೋಡುತ್ತಿದ್ದಾರೆ. ಜಗಳಕ್ಕೆಂದು ಹೋದವನು ಕಾಗದ ಮಡಚಿಕೊಂಡು ಎದ್ದೆ. ಆದರೂ ಅವರು ಮಾಡುತ್ತಿರುವುದು ಅನ್ಯಾಯ ಎಂದೇ ನನ್ನ ಮತ. ದುಃಖ ದೊಡ್ಡದಾದರೆ ಅನ್ಯಾಯ ನ್ಯಾಯವಾಗುವುದಿಲ್ಲ.

ಈ ಪುರವಣಿ ನಿಮ್ಮ ಕೈ ಸೇರುವ ಹೊತ್ತಿಗೆ ಪುಸ್ತಕ ರಟ್ಟು ಕಟ್ಟುವವರ ಹೊಲಿಗೆಗೆ ಹೋಗಿರುತ್ತದೆ. ಓದುಗರಲ್ಲಿ ಹಾಡು ಕಟ್ಟುವವರು, ಫಲಕ ಬರೆಯುವವರು, ರಂಗೋಲಿಯ ಹೊಸ ಎಳೆ ಎಳೆಯುವವರು ಇದ್ದೀರಿ. ನಿಮ್ಮ ಕೆಲಸವನ್ನು ಪ್ರೀತಿಯಿಂದ ಯಾರಿಗೆ ಬೇಕಾದರೂ ಕೊಡಿ. ಆದರೆ ಗೆಳತಿ ಎದುರಿಗೆ ಕುಳಿತು ಏನು ಮಾಡಲಿ ಎಂದು ಕೇಳಿದಾಗ ಏನೂ ಬೇಡ ಎನ್ನಬೇಡಿ. ಕಾಯ್ದೆಯಲ್ಲಿ ಇರುವುದನ್ನು ಬಾಳಕೃಷ್ಣರಾಯರು ಹೇಳಿದರು, ಇದು ಕಾಯ್ದೆಯಲ್ಲಿ ಇಲ್ಲದ್ದು.

ಬಿಸಿಲು ಅಂಗಳಕ್ಕೆ ಇಳಿದಿದೆ. ರುದ್ರವ್ವ ಮದುಮಗಳ ಸೀರೆಯನ್ನು ಮಡಚಿ ಬಿಳಿ ಬಟ್ಟೆಯಲ್ಲಿ ಸುತ್ತುತ್ತಾರೆ. ಇನ್ನು ನಾಳೆಯ ಬೆಳಗಿಗೆ. ಫೋಟೋದ ವಿಷಯ ಹೇಳಲೋ ಬೇಡವೋ ಎಂದು ಯೋಚಿಸಿ ಕಡೆಗೆ ಹೇಳಿದೆ. ಚೆನ್ನಾಗಿ ಬಂದಿದೆಯೇ ಎಂದು ಕೇಳಿದರು. ಬಂದಿದೆ ಎಂದೆ. ತೊಡೆಯ ಮೇಲೆ ಏನಿದೆ ಎಂದು ಕೇಳಿದರು. ಆನೆ ಎಂದೆ. ಕಾಲು ಎಷ್ಟಿವೆ ಎಂದು ಕೇಳಿ, ಉತ್ತರಕ್ಕೆ ಕಾಯದೆ ನಕ್ಕರು. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡರು.

ಪುಸ್ತಕ ಮೂರನೆಯ ಸಲ ಅಚ್ಚಾದರೆ ಏನಾಗಬೇಕು ಎಂದು ಕೇಳಿದೆ.

"ಅಕಿ ಹೆಸರು ತಗೀಬಾರದ್ರಿ, ಫೋಟೋನೂ ಇರಲಿ," ಎಂದರು ರುದ್ರವ್ವ. ಕಟ್ಟೆಯ ಮೇಲೆ ತಮ್ಮ ಪಕ್ಕದ ಜಾಗವನ್ನು ಅಂಗೈಯಿಂದ ಸವರಿ ಧೂಳು ತೆಗೆದರು. "ನಂದು ಕೆಳಗ ಸಣ್ಣ ಅಕ್ಷರದಾಗ ಇದ್ರ ಸಾಕು. ನಾವು ಯಾವಾಗಲೂ ಇಬ್ಬರೂ ಕೂಡೇ ಕೂತು ಹೊಲದವರು. ಪುಸ್ತಕದಾಗ ಅಕಿ ಒಬ್ಬಾಕೀನ ಕೂತಾಳ."